ಕಾನೂನಿನಲ್ಲಿ ‘ಅಪರಾಧ’ ಎಂದರೆ ಏನು? ಒಂದು ಕಾಂಪೌಂಡ್ ಜಗಳದ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾವು ಊರಲ್ಲಿಲ್ಲದಾಗ ಪಕ್ಕದ ಸೈಟಿನವರು ನಮ್ಮ ಕಾಂಪೌಂಡ್ ಗೋಡೆ ಒಡೆದು, ಒಂದೂವರೆ ಅಡಿ ಒಳಗೆ ಬಂದು ಪಾಯ ತೋಡಿದ್ದಾರೆ. ಕೇಳಲು ಹೋದರೆ ಬಾಯಿಗೆ ಬಂದಂತೆ ಬೈದು, ‘ನಿಮ್ಮನ್ನ ನೋಡ್ಕೋತೀನಿ’ ಎಂದರು. ಠಾಣೆಯಲ್ಲಿ ದೂರು ಕೊಟ್ಟರೆ ಎನ್‌ಸಿಆರ್ (ಪೊಲೀಸರು ತಾವಾಗಿ ತನಿಖೆ ಮಾಡಲಾಗದ ಅಪರಾಧದ ದಾಖಲೆ) ಮಾಡಿ, ‘ಇದು ಸಿವಿಲ್ ಸ್ವರೂಪದ ವ್ಯಾಜ್ಯ, ನ್ಯಾಯಾಲಯದಲ್ಲಿ ಬಗೆಹರಿಸಿಕೊಳ್ಳಿ’ ಎಂದು ಹಿಂಬರಹ ಕೊಟ್ಟರು. ನಮ್ಮ ವಕೀಲರು ‘ಇದು ಅಪರಾಧವೇ’ ಎನ್ನುತ್ತಾರೆ. ಅಕ್ರಮ, ಕಾನೂನುಬಾಹಿರ, ಅಪರಾಧ ಎಲ್ಲವೂ ಒಂದೇ ಅಲ್ಲವೇ? ಮುಂದೇನು ಮಾಡಬೇಕು?

ಉತ್ತರ: ಒಂದೇ ಅಲ್ಲ. ಈ ಮೂರರಲ್ಲಿ ‘ಅಪರಾಧ’ಕ್ಕೆ ಮಾತ್ರ ಬಿಗಿಯಾದ ಅರ್ಥವಿದೆ. ಯಾವುದಾದರೊಂದು ಕಾಯ್ದೆ ‘ಹೀಗೆ ಮಾಡಿದವನಿಗೆ ಇಂಥ ಶಿಕ್ಷೆ’ ಎಂದು ಬರೆದಿಟ್ಟಿರುವ ಕೃತ್ಯ ಅಪರಾಧ. ಶಿಕ್ಷೆ ಬರೆದಿಲ್ಲವಾದರೆ ಆ ಕೃತ್ಯ ಎಷ್ಟೇ ಅನ್ಯಾಯವೆನಿಸಿದರೂ, ಎಷ್ಟೇ ನಷ್ಟ ತಂದರೂ ಅಪರಾಧವಾಗುವುದಿಲ್ಲ. ನಿಮ್ಮ ವಿಷಯದಲ್ಲಿ ಠಾಣೆಯವರು ಅರ್ಧ ಸರಿ, ನಿಮ್ಮ ವಕೀಲರು ಮುಕ್ಕಾಲು ಸರಿ. ಅದು ಹೇಗೆಂದು ತಿಳಿಯಲು ಮೊದಲು ಪದಗಳನ್ನೇ ಬಿಡಿಸಿ ನೋಡಬೇಕು. ಹಿಂಬರಹ ಸರಿಯೋ ತಪ್ಪೋ ಎಂಬುದು ಈ ಪದಗಳ ಅರ್ಥದ ಮೇಲೆಯೇ ನಿಂತಿದೆ.

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆ (ಐಪಿಸಿ), 1860ರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, 2023 ಬಂದಿದೆ. ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇದೆ. ಮೊದಲನೆಯದನ್ನು ನ್ಯಾಯ ಸಂಹಿತೆ, ಎರಡನೆಯದನ್ನು ಸುರಕ್ಷಾ ಸಂಹಿತೆ ಎಂದು ಕರೆಯುತ್ತೇನೆ. 2024ರ ಜುಲೈಗೆ ಮುಂಚೆ ನಡೆದ ಕೃತ್ಯಕ್ಕೆ ಹಳೆಯ ಐಪಿಸಿಯೇ ಅನ್ವಯ. ಗೋಡೆ ಒಡೆದ ತಾರೀಖು ಯಾವುದೆಂದು ಮೊದಲು ಖಚಿತಪಡಿಸಿಕೊಳ್ಳಿ.

ನ್ಯಾಯ ಸಂಹಿತೆಯ ಕಲಂ 2(24) ‘ಅಪರಾಧ’ವನ್ನು ಈ ಸಂಹಿತೆಯಡಿ ಶಿಕ್ಷಾರ್ಹವಾದದ್ದು ಎನ್ನುತ್ತದೆ. ಸಾಮಾನ್ಯ ವಿನಾಯಿತಿಗಳ ಅಧ್ಯಾಯಕ್ಕೂ ಮತ್ತೆ ಕೆಲವು ಕಲಂಗಳಿಗೂ ಬಂದಾಗ ವಿಶೇಷ ಕಾಯ್ದೆಗಳ ಮತ್ತು ಸ್ಥಳೀಯ ಕಾಯ್ದೆಗಳ ಶಿಕ್ಷಾರ್ಹ ಕೃತ್ಯಗಳನ್ನೂ ಒಳಗೆ ಸೇರಿಸಿಕೊಳ್ಳುತ್ತದೆ. ಸುರಕ್ಷಾ ಸಂಹಿತೆಯ ಕಲಂ 2(1)(ಕ್ಯೂ) ಇನ್ನೂ ಅಗಲ: ಜಾರಿಯಲ್ಲಿರುವ ಯಾವುದೇ ಕಾನೂನಿನಡಿ ಶಿಕ್ಷಾರ್ಹವಾದ ಕೃತ್ಯ ಅಥವಾ ಲೋಪ. ಜಾನುವಾರು ಅತಿಕ್ರಮ ಪ್ರವೇಶ ಕಾಯ್ದೆ, 1871ರ ಕಲಂ 20ರಡಿ ದೂರು ಕೊಡಬಹುದಾದ ಕೃತ್ಯವೂ ಅಲ್ಲಿ ಸೇರಿದೆ. ದೊಡ್ಡಿಗೆ ದನ ಕೂಡಿಹಾಕಿದ ಜಗಳ ಹೊಸ ಸಂಹಿತೆಯಲ್ಲೂ ಉಳಿದುಕೊಂಡಿದೆ ಎಂದಾಯಿತು. 1897ರ ಸಾಮಾನ್ಯ ಖಂಡಗಳ ಅಧಿನಿಯಮದ ಕಲಂ 3(38) ಕೂಡ ಇದೇ ಧಾಟಿಯದು. ಹೀಗಾಗಿ ಅಬಕಾರಿ ಕಾಯ್ದೆಯಡಿಯ ತಪ್ಪು, ಹೆಲ್ಮೆಟ್ ಇಲ್ಲದ ಸವಾರಿ, ಚೆಕ್ ಬೌನ್ಸ್ ಇವು ನ್ಯಾಯ ಸಂಹಿತೆಯಲ್ಲಿ ಇಲ್ಲದಿದ್ದರೂ ಅಪರಾಧಗಳೇ.

ವ್ಯಾಖ್ಯೆಯಲ್ಲಿ ‘ಲೋಪ’ ಎಂಬ ಪದವಿರುವುದನ್ನು ಗಮನಿಸಿ. ಮಾಡಬೇಕಾದದ್ದನ್ನು ಮಾಡದೆ ಇರುವುದೂ ಅಪರಾಧವಾಗಬಹುದು. ಆದರೆ ಮಾಡಲೇಬೇಕು ಎಂಬ ಕರ್ತವ್ಯವನ್ನು ಕಾನೂನು ಹೇರಿರಬೇಕು. ಅಪಘಾತ ಮಾಡಿದ ಚಾಲಕನಿಗೆ ಗಾಯಾಳುವಿನ ಚಿಕಿತ್ಸೆಗೆ ವ್ಯವಸ್ಥೆ ಮಾಡುವ ಕರ್ತವ್ಯವನ್ನು ಮೋಟಾರು ವಾಹನ ಕಾಯ್ದೆಯ ಕಲಂ 134 ಹೇರುತ್ತದೆ, ತಪ್ಪಿದರೆ ಕಲಂ 187ರಲ್ಲಿ ಶಿಕ್ಷೆಯಿದೆ. ದಾರಿಹೋಕನಿಗೆ ಅಂಥ ಕರ್ತವ್ಯವಿಲ್ಲ. ಅವನು ನೋಡಿಯೂ ನೋಡದಂತೆ ಹೋದರೆ ಜನ ಬೈಯಬಹುದು, ಕೇಸು ಹಾಕಲಾಗದು.

ಈಗ ‘ಕಾನೂನುಬಾಹಿರ’. ನ್ಯಾಯ ಸಂಹಿತೆಯ ಕಲಂ 2(15)ರ ಪ್ರಕಾರ ಮೂರು ಬಗೆಯವು ಇದರೊಳಗೆ ಬರುತ್ತವೆ: ಅಪರಾಧವಾದದ್ದು, ಕಾನೂನು ನಿಷೇಧಿಸಿದ್ದು, ಮತ್ತು ಸಿವಿಲ್ ದಾವೆಗೆ ಆಧಾರ ಒದಗಿಸುವಂಥದ್ದು. ಅಂದರೆ ಪ್ರತಿ ಅಪರಾಧವೂ ಕಾನೂನುಬಾಹಿರ, ಆದರೆ ಕಾನೂನುಬಾಹಿರವಾದದ್ದರಲ್ಲಿ ಬಹುಪಾಲು ಅಪರಾಧವಲ್ಲ. ಕರಾರು ಮುರಿಯುವುದು, ಬಾಡಿಗೆ ಬಾಕಿ ಉಳಿಸಿಕೊಳ್ಳುವುದು, ಪಕ್ಕದ ಮನೆಯ ನೀರು ನಿಮ್ಮ ಗೋಡೆಗೆ ಇಳಿಯುವಂತೆ ಬಿಡುವುದು ಸಾಮಾನ್ಯವಾಗಿ ಮೂರನೆಯ ಬಗೆಗೆ ಸೇರುತ್ತವೆ. ಕರಾರಿನ ಹೊರತಾಗಿ ಇನ್ನೊಬ್ಬರಿಗೆ ಹಾನಿ ಮಾಡಿ ಪರಿಹಾರ ಕಟ್ಟಿಕೊಡಬೇಕಾದ ತಪ್ಪುಗಳನ್ನು ಕಾನೂನಿನ ಕನ್ನಡದಲ್ಲಿ ‘ಅಪಕೃತ್ಯ’ ಎನ್ನುತ್ತಾರೆ. ಅಲ್ಲಿ ಶಿಕ್ಷೆಯಿಲ್ಲ, ಪರಿಹಾರವಿದೆ. ಸರ್ಕಾರ ಕಕ್ಷಿಯಾಗುವುದಿಲ್ಲ, ನೀವೇ ದಾವೆ ಹೂಡಬೇಕು. ಸಂಶಯಾತೀತವಾಗಿ ರುಜುವಾತು ಮಾಡಬೇಕಿಲ್ಲ, ಯಾರ ಕಡೆಯ ಸಂಭವನೀಯತೆ ಹೆಚ್ಚು ಎಂದು ನೋಡಿದರೆ ಸಾಕು.

ಒಂದೇ ಕೃತ್ಯ ಎರಡೂ ಆಗಬಹುದು. ಮಾನಹಾನಿ ಕಲಂ 356ರಡಿ ಅಪರಾಧ, ಪರಿಹಾರ ಕೇಳಲು ಅಪಕೃತ್ಯ. ಒಂದನ್ನು ಹಿಡಿದರೆ ಇನ್ನೊಂದು ಬಿಟ್ಟುಹೋಗುವುದಿಲ್ಲ. ‘ಇದು ಸಿವಿಲ್ ಸ್ವರೂಪದ್ದು’ ಎಂಬ ಹಿಂಬರಹದ ದೌರ್ಬಲ್ಯ ಇರುವುದೇ ಇಲ್ಲಿ. ಸಿವಿಲ್ ಪರಿಹಾರ ಇದೆ ಎಂಬ ಒಂದೇ ಕಾರಣಕ್ಕೆ ಅಪರಾಧ ಅಳಿಸಿಹೋಗದು.

‘ಅಕ್ರಮ’ ಎಂಬುದಕ್ಕೆ ಮಾತ್ರ ಇಂಥ ಒಂದೇ ವ್ಯಾಖ್ಯೆ ಹುಡುಕಬೇಡಿ. ಕರ್ನಾಟಕದಲ್ಲಿ ಇದು ಆಡಳಿತದ ಭಾಷೆಯಲ್ಲಿ ಬೆಳೆದ ಪದ. ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯನ್ನು ಭೂಕಂದಾಯ ಅಧಿನಿಯಮ, 1964ರ ಅಡಿ ಸಕ್ರಮಗೊಳಿಸಲು ನಮೂನೆ 50, 53, 57ರಲ್ಲಿ ಅರ್ಜಿ ಹಾಕಿದವರಿಗೆ ಇದು ಗೊತ್ತು. ಅಲ್ಲಿ ‘ಅಕ್ರಮ’ ಎಂದರೆ ಅನುಮತಿಯಿಲ್ಲದ್ದು ಎಂದಷ್ಟೇ ಅರ್ಥ. ಪತ್ರಿಕೆಗಳ ‘ಅಕ್ರಮ ಕೂಟ’ದಲ್ಲಿ ಅದೇ ಪದ ಕಲಂ 189ರ ಅಪರಾಧವನ್ನು ಸೂಚಿಸುತ್ತದೆ: ನಿರ್ದಿಷ್ಟ ದುರುದ್ದೇಶಕ್ಕಾಗಿ ಐದು ಅಥವಾ ಹೆಚ್ಚು ಜನ ಸೇರುವುದು. ಆದ್ದರಿಂದ ದೂರಿನಲ್ಲಿ ‘ಅಕ್ರಮವಾಗಿ’ ಎಂದು ಹತ್ತು ಸಲ ಬರೆದರೂ ಅದರಿಂದ ಒಂದು ಕಲಂ ಕೂಡ ಹುಟ್ಟುವುದಿಲ್ಲ.

ಇನ್ನೊಂದು ಎಚ್ಚರಿಕೆ. ಕೆಲವು ಕಾಯ್ದೆಗಳು ಸಾಮಾನ್ಯ ಪದಕ್ಕೆ ತಮ್ಮದೇ ಇಕ್ಕಟ್ಟಾದ ಅರ್ಥ ಕೊಟ್ಟುಕೊಂಡಿರುತ್ತವೆ. ಕಾನೂನುಬಾಹಿರ ಚಟುವಟಿಕೆಗಳ (ತಡೆ) ಕಾಯ್ದೆ, 1967ರಲ್ಲಿ ‘ಕಾನೂನುಬಾಹಿರ ಚಟುವಟಿಕೆ’ ಎಂದರೆ ದೇಶದ ಸಾರ್ವಭೌಮತೆ, ಅಖಂಡತೆಗೆ ಧಕ್ಕೆ ತರುವಂಥ ಚಟುವಟಿಕೆಯೇ ಹೊರತು ಯಾರೋ ಮಾಡಿದ ಯಾವುದೋ ಕಾನೂನುಬಾಹಿರ ಕೆಲಸವಲ್ಲ. ಕರ್ನಾಟಕ ಭೂ ಕಬಳಿಕೆ ನಿಷೇಧ ಅಧಿನಿಯಮ, 2011ರ ‘ಭೂ ಕಬಳಿಕೆ’ಯೂ ಹಾಗೆಯೇ. ಅದು ಸರ್ಕಾರ, ಸ್ಥಳೀಯ ಸಂಸ್ಥೆ, ವಕ್ಫ್, ಧಾರ್ಮಿಕ ದತ್ತಿಯಂಥವರ ಜಮೀನಿಗೆ ಸಂಬಂಧಿಸಿದ್ದು. ನಿಮ್ಮ ಖಾಸಗಿ ಸೈಟಿನ ಒಂದೂವರೆ ಅಡಿಗಾಗಿ ಅದರ ವಿಶೇಷ ನ್ಯಾಯಾಲಯಕ್ಕೆ ಅರ್ಜಿ ಕೊಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅಲೆದಾಟವಷ್ಟೇ ಉಳಿಯುತ್ತದೆ.

ದಂಡ ಕಟ್ಟಿಸಿಕೊಂಡ ಮಾತ್ರಕ್ಕೆ ಅದು ಅಪರಾಧವೇ ಎಂದು ಕೇಳುವವರಿದ್ದಾರೆ. ಶಿಕ್ಷೆಗಳು ಯಾವುವೆಂದು ನ್ಯಾಯ ಸಂಹಿತೆಯ ಕಲಂ 4 ಹೇಳುತ್ತದೆ: ಮರಣ, ಜೀವಾವಧಿ, ಕಠಿಣ ಅಥವಾ ಸಾದಾ ಕಾರಾವಾಸ, ಆಸ್ತಿ ಮುಟ್ಟುಗೋಲು, ಜುಲ್ಮಾನೆ, ಮತ್ತು ಹೊಸದಾಗಿ ಸೇರಿದ ಸಮುದಾಯ ಸೇವೆ. ಜುಲ್ಮಾನೆ ವಿಧಿಸುವುದು ನ್ಯಾಯಾಲಯ. ತೆರಿಗೆ ರಿಟರ್ನ್ ತಡವಾಗಿದ್ದಕ್ಕೆ ಕಟ್ಟುವ ಶುಲ್ಕ, ನಿಯಂತ್ರಣ ಸಂಸ್ಥೆಯ ಅಧಿಕಾರಿ ಹಾಕುವ ಹಣದ ದಂಡ ಇವು ಹೆಚ್ಚಿನ ಸಂದರ್ಭಗಳಲ್ಲಿ ಅಪರಾಧಕ್ಕೆ ಕೊಟ್ಟ ಶಿಕ್ಷೆಯಲ್ಲ, ಸಿವಿಲ್ ಬಾಧ್ಯತೆ ತಪ್ಪಿದ್ದಕ್ಕೆ ತೆರುವ ಹಣ. ಈ ವ್ಯತ್ಯಾಸಕ್ಕೆ ಸಂವಿಧಾನದ ತೂಕವೂ ಇದೆ. ಒಂದೇ ಅಪರಾಧಕ್ಕೆ ಎರಡು ಸಲ ಶಿಕ್ಷೆ ಕೂಡದು ಎನ್ನುವ 20(2)ನೇ ವಿಧಿ ಕಸ್ಟಮ್ಸ್ ಅಧಿಕಾರಿ ಚಿನ್ನ ಮುಟ್ಟುಗೋಲು ಹಾಕಿಕೊಂಡ ಬಳಿಕ ನಡೆಯುವ ಕ್ರಿಮಿನಲ್ ಕೇಸಿಗೆ ಅಡ್ಡಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1953ರ ಮಕ್ಬೂಲ್ ಹುಸೇನ್ ಪ್ರಕರಣದಲ್ಲಿ ಹೇಳಿತು. ಸರ್ಕಾರವೂ ಈಚೆಗೆ ಹಲವು ಸಣ್ಣ ತಪ್ಪುಗಳನ್ನು ‘ಅಪರಾಧ’ದ ಪಟ್ಟಿಯಿಂದ ‘ದಂಡ’ದ ಪಟ್ಟಿಗೆ ದಾಟಿಸುತ್ತಿದೆ. 2023ರ ಜನ ವಿಶ್ವಾಸ್ ಕಾಯ್ದೆ 42 ಕೇಂದ್ರ ಕಾಯ್ದೆಗಳ 183 ಉಪಬಂಧಗಳನ್ನು ಹೀಗೆ ತಿದ್ದಿತು.

ನಿಮ್ಮ ಗೋಡೆಗೆ ಬರೋಣ

ಕೃತ್ಯವೊಂದು ಅಪರಾಧ ಹೌದೋ ಅಲ್ಲವೋ ಎಂದು ಪರೀಕ್ಷಿಸಲು ಆ ಕಲಮಿನ ಒಂದೊಂದು ಘಟಕವನ್ನೂ ನಿಮ್ಮ ಸಂಗತಿಯ ಪಕ್ಕ ಇಟ್ಟು ನೋಡಬೇಕು. ಒಂದು ಘಟಕ ತಪ್ಪಿದರೂ ಅಪರಾಧವಿಲ್ಲ. ಹೆಚ್ಚಾಗಿ ತಪ್ಪುವುದು ಮನಸ್ಸಿಗೆ ಸಂಬಂಧಿಸಿದ ಘಟಕ. ‘ಉದ್ದೇಶದಿಂದ’, ‘ತಿಳಿದೂ’, ‘ಅಪ್ರಾಮಾಣಿಕವಾಗಿ’ ಎಂಬ ಪದಗಳನ್ನು ದೂರುದಾರರು ಅಲಂಕಾರವೆಂದು ಓದುತ್ತಾರೆ, ನ್ಯಾಯಾಧೀಶರು ಅವಕ್ಕೆ ಸಾಕ್ಷ್ಯ ಎಲ್ಲಿದೆ ಎಂದು ಹುಡುಕುತ್ತಾರೆ.

ಗೋಡೆ ಒಡೆದದ್ದು ನ್ಯಾಯ ಸಂಹಿತೆಯ ಕಲಂ 324, ಆಸ್ತಿಗೆ ಕೇಡು ಮಾಡುವುದು. ಇನ್ನೊಬ್ಬರಿಗೆ ನಷ್ಟವಾಗಲೆಂಬ ಉದ್ದೇಶದಿಂದ, ಅಥವಾ ನಷ್ಟವಾಗುವ ಸಂಭವವಿದೆ ಎಂದು ತಿಳಿದೇ, ವಸ್ತುವನ್ನು ನಾಶಮಾಡಿರಬೇಕು ಅಥವಾ ಅದರ ಬೆಲೆ ಕುಗ್ಗುವಂತೆ ಬದಲಾಯಿಸಿರಬೇಕು. ಇಲ್ಲಿ ಹಾನಿಯ ಮೊತ್ತ ಬಹಳ ಮುಖ್ಯ. ಸಾಮಾನ್ಯ ಕೇಡಿಗೆ 6 ತಿಂಗಳವರೆಗೆ ಕಾರಾವಾಸ. ಹಾನಿ 20,000 ರೂಪಾಯಿ ಮುಟ್ಟಿ 1 ಲಕ್ಷದೊಳಗಿದ್ದರೆ 2 ವರ್ಷದವರೆಗೆ. 1 ಲಕ್ಷ ಮತ್ತು ಮೇಲ್ಪಟ್ಟರೆ 5 ವರ್ಷದವರೆಗೆ, ಮತ್ತು ಆಗ ಅದು ಪೊಲೀಸರು ನೇರವಾಗಿ ತನಿಖೆ ಮಾಡಬಹುದಾದ ಅಪರಾಧ. ನಿಮ್ಮ ದೂರಿನಲ್ಲಿ ಮೊತ್ತವನ್ನೇ ಬರೆದಿರದಿದ್ದರೆ ಠಾಣೆಯವರು ಅತಿ ಸಣ್ಣ ವರ್ಗಕ್ಕೆ ಹಾಕಿದ್ದರಲ್ಲಿ ಆಶ್ಚರ್ಯವಿಲ್ಲ. ಒಡೆದ ಗೋಡೆಯ ಉದ್ದ, ಎತ್ತರ, ಇಟ್ಟಿಗೆಯದೋ ಸಿಮೆಂಟ್ ಬ್ಲಾಕಿನದೋ ಎಂಬ ವಿವರದೊಂದಿಗೆ ಒಬ್ಬ ಸಿವಿಲ್ ಎಂಜಿನಿಯರ್ ಸಹಿ ಮಾಡಿದ ಅಂದಾಜುಪಟ್ಟಿ ಪಡೆಯಿರಿ. ಮೊತ್ತ ಉಬ್ಬಿಸಬೇಡಿ, ಪಾಟೀಸವಾಲಿನಲ್ಲಿ ಎಲ್ಲಕ್ಕಿಂತ ಮೊದಲು ಕುಸಿಯುವುದು ಅದೇ.

ಒಡೆದ ಇಟ್ಟಿಗೆ, ಗೇಟು, ಕಬ್ಬಿಣ ಸಾಗಿಸಿದ್ದಾರೆಯೇ? ಹಾಗಿದ್ದರೆ ಕಲಂ 303ರ ಕಳ್ಳತನವನ್ನೂ ನೋಡಬೇಕು. ಇಲ್ಲೂ ಮೊತ್ತದ ಗೆರೆಯಿದೆ. ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲದ ಅಪರಾಧಿ ವಸ್ತುವನ್ನೋ ಬೆಲೆಯನ್ನೋ ಹಿಂತಿರುಗಿಸಿದರೆ ಸಮುದಾಯ ಸೇವೆಯೇ ಶಿಕ್ಷೆ.

ಒಳಗೆ ಬಂದು ಪಾಯ ತೋಡಿದ್ದು ಕಲಂ 329, ಅಪರಾಧಿಕ ಅತಿಕ್ರಮ ಪ್ರವೇಶ. ನಿಮ್ಮ ಕೇಸಿನ ಜೀವ ಇರುವುದು ಇಲ್ಲಿ. ಬೇರೆಯವರ ಸ್ವಾಧೀನದಲ್ಲಿರುವ ಸ್ವತ್ತಿನೊಳಗೆ ಅಪರಾಧ ಮಾಡುವ ಉದ್ದೇಶದಿಂದಲೋ, ಸ್ವಾಧೀನದಲ್ಲಿರುವವರನ್ನು ಹೆದರಿಸುವ, ಅವಮಾನಿಸುವ, ಕಿರುಕುಳ ಕೊಡುವ ಉದ್ದೇಶದಿಂದಲೋ ಪ್ರವೇಶಿಸಿರಬೇಕು. ಗೋಡೆ ಒಡೆಯಲೆಂದೇ ಬಂದದ್ದಾದರೆ ‘ಅಪರಾಧ ಮಾಡುವ ಉದ್ದೇಶ’ ತಾನಾಗಿ ಬಂತು. ಕಲಂ 329(3)ರ ಶಿಕ್ಷೆ ಕೇವಲ 3 ತಿಂಗಳವರೆಗೆ ಕಾರಾವಾಸ ಅಥವಾ 5,000 ರೂಪಾಯಿವರೆಗೆ ಜುಲ್ಮಾನೆ ಅಥವಾ ಎರಡೂ. ಶಿಕ್ಷೆ ಇಷ್ಟು ಚಿಕ್ಕದಾದರೂ ಇದು ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ನೇರವಾಗಿ ತನಿಖೆ ಮಾಡಬಹುದಾದದ್ದು. ಇದರ ಪರಿಣಾಮವನ್ನು ಮುಂದೆ ಹೇಳುತ್ತೇನೆ.

ಕಲಂ ಕೇಳುವುದು ಮಾಲೀಕತ್ವವನ್ನಲ್ಲ, ಸ್ವಾಧೀನವನ್ನು. ಕ್ರಯಪತ್ರ, ಖಾತಾ, ಕಂದಾಯ ರಸೀದಿ ನಿಮ್ಮ ಹಕ್ಕನ್ನು ತೋರಿಸುತ್ತವೆ. ಆ ಒಂದೂವರೆ ಅಡಿ ನಿಮ್ಮ ಕೈಯಲ್ಲಿತ್ತು ಎಂದು ತೋರಿಸುವುದು ಹಳೆಯ ಗೋಡೆ, ಅದರ ಫೋಟೊ, ಅದನ್ನು ಕಟ್ಟಿಸಿದಾಗಿನ ಬಿಲ್ಲು, ನೆರೆಯವರ ಸಾಕ್ಷ್ಯ. ಎದುರಾಳಿಯ ಉತ್ತರ ಏನಿರುತ್ತದೆಂದು ಈಗಲೇ ಊಹಿಸಬಹುದು: ‘ಅದು ನನ್ನದೇ ಜಾಗ, ಇವರ ಗೋಡೆಯೇ ಒತ್ತುವರಿ.’ ಆ ಮಾತನ್ನು ಅವರು ಪ್ರಾಮಾಣಿಕವಾಗಿ ನಂಬಿದ್ದರು ಎಂದು ಕಂಡುಬಂದರೆ ಅಪರಾಧದ ಉದ್ದೇಶ ಬಿದ್ದುಹೋಗುತ್ತದೆ, ಉಳಿಯುವುದು ಗಡಿ ವ್ಯಾಜ್ಯ. ಠಾಣೆಯವರು ‘ಸಿವಿಲ್’ ಎಂದದ್ದರಲ್ಲಿ ಸ್ವಲ್ಪ ಸತ್ಯವಿದ್ದರೆ ಅದು ಇಷ್ಟೇ. ಆದರೆ ಅಳತೆಯಿಲ್ಲದೆ, ನೋಟಿಸಿಲ್ಲದೆ, ನೀವು ಊರಲ್ಲಿಲ್ಲದ ಹೊತ್ತು ನೋಡಿ ಗೋಡೆ ಒಡೆದದ್ದು ಪ್ರಾಮಾಣಿಕ ನಂಬಿಕೆಯ ಲಕ್ಷಣವಲ್ಲ ಎಂದು ನೀವು ವಾದಿಸಬಹುದು. ಆದ್ದರಿಂದ ಈ ಸಂಗತಿಗಳನ್ನು ದೂರಿನಲ್ಲಿ ಬಿಡದೆ ಬರೆಯಿರಿ. ಸರ್ವೆ ನಂಬರಿನ ಜಮೀನಾದರೆ ಹದ್ದುಬಸ್ತು (ಗಡಿ ಗುರುತಿಸುವ) ಅರ್ಜಿ ಕೊಟ್ಟು ಅಳತೆ ಮಾಡಿಸಿ. ಬಡಾವಣೆಯ ಸೈಟಾದರೆ ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿ ತೆಗೆದುಕೊಳ್ಳಿ.

ಬೈದದ್ದಕ್ಕೂ ಬೆದರಿಸಿದ್ದಕ್ಕೂ ಜನ ಹೆಚ್ಚು ಬೆಲೆ ಕಟ್ಟುತ್ತಾರೆ. ಐಪಿಸಿ ಕಾಲದಿಂದಲೂ ಪ್ರತಿ ದೂರಿನ ಬಾಲಕ್ಕೆ ‘504, 506’ ಅಂಟಿಸುವ ಅಭ್ಯಾಸವಿದೆ. ಈಗ ಅವು ಕಲಂ 352 ಮತ್ತು 351. ಬೈಗುಳ ಕಲಂ 352ರಡಿ ಬರಬೇಕಾದರೆ ಅದು ಕೇಳಿದವನನ್ನು ಕೆರಳಿಸಿ ಶಾಂತಿಭಂಗಕ್ಕೋ ಮತ್ತೊಂದು ಅಪರಾಧಕ್ಕೋ ತಳ್ಳಲೆಂಬ ಉದ್ದೇಶ ಅಥವಾ ತಿಳಿವಳಿಕೆ ಬೈದವನಿಗೆ ಇರಬೇಕು. ಬೆದರಿಕೆಗೆ ದೇಹಕ್ಕೋ ಮಾನಕ್ಕೋ ಆಸ್ತಿಗೋ ಹಾನಿ ಮಾಡುತ್ತೇನೆಂಬ ಮಾತು ಬೇಕು, ಭಯ ಹುಟ್ಟಿಸುವ ಅಥವಾ ನಿಮ್ಮಿಂದ ಏನನ್ನೋ ಮಾಡಿಸುವ, ತಡೆಯುವ ಉದ್ದೇಶ ಬೇಕು. ‘ನೋಡ್ಕೋತೀನಿ’ ಅಷ್ಟಕ್ಕೆ ಏರುವುದಿಲ್ಲ. ‘ಗೋಡೆ ಮತ್ತೆ ಎಬ್ಬಿಸಿದರೆ ಕೈಕಾಲು ಮುರೀತೀನಿ’ ಎಂದಿದ್ದರೆ ಏರುತ್ತದೆ. ಏನೆಂದರೋ ಅದನ್ನೇ, ಆಡಿದ ಭಾಷೆಯಲ್ಲೇ, ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. ‘ಅವಾಚ್ಯ ಶಬ್ದಗಳಿಂದ ನಿಂದಿಸಿ ಜೀವಬೆದರಿಕೆ ಹಾಕಿದರು’ ಎಂಬ ಸಿದ್ಧ ವಾಕ್ಯದಿಂದ ಯಾವ ಘಟಕವೂ ಸಿದ್ಧವಾಗುವುದಿಲ್ಲ. ನಿಜವಾಗಿ ಅಷ್ಟೇ ಅಂದಿದ್ದರೆ ಈ ಎರಡು ಕಲಂಗಳನ್ನು ಕೈಬಿಡುವುದೇ ಲೇಸು. ಬಲವಾದ ಎರಡು ಆರೋಪಗಳ ಪಕ್ಕ ಸೊರಗಿದ ಎರಡನ್ನು ನಿಲ್ಲಿಸಿದರೆ ಎದುರು ವಕೀಲರು ಮೊದಲು ಹಿಡಿಯುವುದು ಸೊರಗಿದ್ದನ್ನೇ.

ಎನ್‌ಸಿಆರ್ ಏಕೆ ಬಂತು, ಏಕೆ ಸಾಲದು

ಅಪರಾಧಗಳಲ್ಲಿ ಎರಡು ಬಗೆ. ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ, ಯಾರ ಅಪ್ಪಣೆಗೂ ಕಾಯದೆ ತನಿಖೆ ಆರಂಭಿಸಬಹುದಾದದ್ದು ಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ಕೂಡದು ಎಂಬಂಥದ್ದು ಅಸಂಜ್ಞೇಯ ಅಪರಾಧ. ಮೊದಲನೆಯದಕ್ಕೆ ಸುರಕ್ಷಾ ಸಂಹಿತೆಯ ಕಲಂ 173ರಡಿ ಎಫ್‌ಐಆರ್, ಎರಡನೆಯದಕ್ಕೆ ಕಲಂ 174ರಡಿ ಎನ್‌ಸಿಆರ್. ಯಾವುದು ಯಾವ ಬಗೆಯದು ಎಂಬುದು ಠಾಣಾಧಿಕಾರಿಯ ವಿವೇಚನೆಗೆ ಬಿಟ್ಟದ್ದಲ್ಲ. ಸುರಕ್ಷಾ ಸಂಹಿತೆಯ ಮೊದಲನೇ ಅನುಸೂಚಿಯಲ್ಲಿ ಪ್ರತಿ ಕಲಮಿನ ಎದುರು ಶಿಕ್ಷೆ, ಸಂಜ್ಞೇಯವೋ ಅಲ್ಲವೋ, ಜಾಮೀನೀಯವೋ ಅಲ್ಲವೋ, ಯಾವ ನ್ಯಾಯಾಲಯ ಎಂದು ಬರೆದಿದೆ. ಬೇರೆ ಕಾಯ್ದೆಯ ಅಪರಾಧವಾಗಿ ಆ ಕಾಯ್ದೆ ಮೌನವಾಗಿದ್ದರೆ ಅನುಸೂಚಿಯ ಎರಡನೇ ಭಾಗ ನೋಡಬೇಕು. ಅಲ್ಲಿ ಮೂರೇ ಸಾಲು: 7 ವರ್ಷಕ್ಕಿಂತ ಹೆಚ್ಚು ಶಿಕ್ಷೆಯಿದ್ದರೆ ಸಂಜ್ಞೇಯ, ಜಾಮೀನುರಹಿತ, ಸೆಷನ್ಸ್ ನ್ಯಾಯಾಲಯ. 3ರಿಂದ 7 ವರ್ಷವಾದರೆ ಸಂಜ್ಞೇಯ, ಜಾಮೀನುರಹಿತ, ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್. 3 ವರ್ಷಕ್ಕಿಂತ ಕಡಿಮೆ ಅಥವಾ ಬರೀ ಜುಲ್ಮಾನೆಯಾದರೆ ಅಸಂಜ್ಞೇಯ, ಜಾಮೀನೀಯ.

ಶಿಕ್ಷೆ ದೊಡ್ಡದಾದರೆ ಸಂಜ್ಞೇಯ ಎಂಬ ತರ್ಕ ನ್ಯಾಯ ಸಂಹಿತೆಯ ಕಲಂಗಳಿಗೆ ಸರಿಹೊಂದುವುದಿಲ್ಲ. 2 ವರ್ಷದವರೆಗೆ ಶಿಕ್ಷೆಯಿರುವ ಮಾನಹಾನಿ ಅಸಂಜ್ಞೇಯ, 3 ತಿಂಗಳ ಅತಿಕ್ರಮ ಪ್ರವೇಶ ಸಂಜ್ಞೇಯ, 1 ತಿಂಗಳ ಅಕ್ರಮ ತಡೆ, ಅಂದರೆ ಕಲಂ 126(2), ಅದೂ ಸಂಜ್ಞೇಯ. ಸಣ್ಣ ಹೊಡೆದಾಟದ ದೂರುಗಳಲ್ಲೆಲ್ಲ ‘ಅಡ್ಡಗಟ್ಟಿ’ ಎಂಬ ಪದ ತಪ್ಪದೆ ಕಾಣಿಸಿಕೊಳ್ಳುವುದರ ಗುಟ್ಟು ಇದೇ. ಅಡ್ಡಗಟ್ಟಿದ್ದು ನಿಜವಾದರೆ ಬರೆಯಿರಿ, ಇಲ್ಲದಿದ್ದರೆ ಸೇರಿಸಬೇಡಿ.

ನಿಮಗೆ ಬೇಕಾದದ್ದು ಕಲಂ 174(4). ಒಂದು ಪ್ರಕರಣದಲ್ಲಿ ಹಲವು ಅಪರಾಧಗಳಿದ್ದು ಅವುಗಳಲ್ಲಿ ಒಂದಾದರೂ ಸಂಜ್ಞೇಯವಾಗಿದ್ದರೆ ಇಡೀ ಪ್ರಕರಣವನ್ನು ಸಂಜ್ಞೇಯವೆಂದೇ ಭಾವಿಸಬೇಕು ಎನ್ನುತ್ತದೆ ಅದು. ಗೋಡೆಯ ಹಾನಿ ಲಕ್ಷದೊಳಗಿದ್ದು, ಬೈಗುಳವೂ ಬೆದರಿಕೆಯೂ ಅಸಂಜ್ಞೇಯವೇ ಆಗಿದ್ದರೂ 329(3) ಸೇರಿದ ಕೂಡಲೇ ಎಲ್ಲಕ್ಕೂ ಎಫ್‌ಐಆರ್ ಆಗಬೇಕು. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಹೊಸ ಕಲಂ 173(3)ರ ಪ್ರಕಾರ 14 ದಿನಗಳ ಪ್ರಾಥಮಿಕ ವಿಚಾರಣೆಗೆ ಅವಕಾಶವಿರುವುದು 3 ವರ್ಷ ಅಥವಾ ಹೆಚ್ಚು, ಆದರೆ 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಿಗೆ, ಅದೂ ಡಿವೈಎಸ್ಪಿ ದರ್ಜೆಯ ಅಧಿಕಾರಿಯ ಅನುಮತಿಯೊಂದಿಗೆ.

ಈಗ ಮಾಡಬೇಕಾದದ್ದು. ಹಿಂಬರಹವನ್ನೂ ಹಳೆಯ ದೂರಿನ ಪ್ರತಿಯನ್ನೂ ಲಗತ್ತಿಸಿ, ಹೊಸದಾಗಿ ಅಚ್ಚುಕಟ್ಟಾಗಿ ಬರೆದ ದೂರನ್ನು ಕಲಂ 173(4)ರಡಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ನೋಂದಾಯಿತ ಅಂಚೆಯಲ್ಲಿ ಕಳುಹಿಸಿ. ಕಮಿಷನರೇಟ್ ಇರುವ ನಗರವಾದರೆ ಡಿಸಿಪಿಗೆ. ಅಂಚೆ ರಸೀದಿ ಜೋಪಾನ. ಕ್ರಮವಾಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಕಲಂ 175(3)ರಡಿ ಅರ್ಜಿ, ಅದರೊಂದಿಗೆ ಪ್ರಮಾಣೀಕರಿಸಿದ ಅಫಿಡವಿಟ್. ವರಿಷ್ಠಾಧಿಕಾರಿಯ ಮೆಟ್ಟಿಲು ಹತ್ತದೆ ನೇರ ನ್ಯಾಯಾಲಯಕ್ಕೆ ಹೋದ ಅರ್ಜಿಗಳು ಹಿಂತಿರುಗುವುದು ಸಾಮಾನ್ಯ. ಮ್ಯಾಜಿಸ್ಟ್ರೇಟರು ಪೊಲೀಸರ ಹೇಳಿಕೆಯನ್ನೂ ಪರಿಗಣಿಸಿ ತನಿಖೆಗೆ ಆದೇಶಿಸಬಹುದು. ಇಲ್ಲವೇ ನೀವು ಕಲಂ 223ರಡಿ ಖಾಸಗಿ ದೂರು ದಾಖಲಿಸಬಹುದು. ಕರ್ನಾಟಕದ ನ್ಯಾಯಾಲಯಗಳಲ್ಲಿ ಅದಕ್ಕೆ ಪಿಸಿಆರ್ ನಂಬರು ಬೀಳುತ್ತದೆ. ನಿಮ್ಮ ಪ್ರಮಾಣಿತ ಹೇಳಿಕೆ ದಾಖಲಾಗುತ್ತದೆ. ಹೊಸ ಕಾನೂನಿನಲ್ಲಿ ಸಂಜ್ಞಾನ ತೆಗೆದುಕೊಳ್ಳುವ, ಅಂದರೆ ಅಪರಾಧವನ್ನು ನ್ಯಾಯಾಲಯ ವಿಚಾರಣೆಗೆ ಪರಿಗಣಿಸುವ ಮುನ್ನ ಎದುರು ಪಕ್ಷಕ್ಕೂ ಅಹವಾಲು ಹೇಳುವ ಅವಕಾಶ ಕೊಡಬೇಕು, ಹಾಗಾಗಿ ಈ ದಾರಿ ಮೊದಲಿಗಿಂತ ನಿಧಾನ.

ಎನ್‌ಸಿಆರ್ ಹಾದಿಯಲ್ಲೇ ಮುಂದುವರಿಯುವುದಾದರೆ ಒಂದು ಹೊಂಡ ಇದೆ. ಅಸಂಜ್ಞೇಯ ಪ್ರಕರಣದ ತನಿಖೆಗೆ ಪೊಲೀಸರು ಕೊಟ್ಟ ಮನವಿ ಪತ್ರದ ಮೇಲೆಯೇ ‘ಅನುಮತಿಸಿದೆ’ ಎಂಬ ಒಂದು ಪದದ ಷರಾ ಬಿದ್ದು, ವಿವೇಚಿಸಿ ಬರೆದ ಆದೇಶ ಇಲ್ಲದ್ದರಿಂದ ಕರ್ನಾಟಕ ಹೈಕೋರ್ಟ್ ಅನೇಕ ಪ್ರಕರಣಗಳನ್ನು ರದ್ದುಪಡಿಸಿದೆ. ನಿಮ್ಮ ಕಡತದಲ್ಲಿ ಕಾರಣ ಸಹಿತವಾದ ಆದೇಶ ಇದೆಯೇ ಎಂದು ವಕೀಲರಿಂದ ನೋಡಿಸಿ.

ಫೋಟೊ, ಸಿಸಿಟಿವಿ ದೃಶ್ಯ ಇದ್ದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63(4)ರ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗಗಳಿದ್ದು ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲು ಬದಲಾಗಿಲ್ಲವೆಂದು ತೋರಿಸುವ ಸಂಕೇತ) ನಮೂದಿಸಬೇಕು. ವಾಟ್ಸ್‌ಆಪ್‌ನಲ್ಲಿ ಬಂದ ಪ್ರತಿಯನ್ನು ನೆಚ್ಚಿಕೊಳ್ಳಬೇಡಿ. ತೆಗೆದ ಫೋನು, ರೆಕಾರ್ಡ್ ಆದ ಡಿವಿಆರ್ ಹಾಗೆಯೇ ಇರಲಿ.

ಬಂಧನವಾಗುತ್ತದೆ ಎಂದು ನಿರೀಕ್ಷಿಸಿದ್ದರೆ ಬಿಟ್ಟುಬಿಡಿ. ಕಳ್ಳತನ ಸೇರದ ಹೊರತು ನಾನು ಹೇಳಿದ ಕಲಂಗಳೆಲ್ಲ ಜಾಮೀನೀಯ. ಸುರಕ್ಷಾ ಸಂಹಿತೆಯ ಕಲಂ 35(3)ರ ನೋಟಿಸು ಕೊಟ್ಟು ಕರೆಸುತ್ತಾರೆ, ಅಷ್ಟೆ. ಎಫ್‌ಐಆರ್ ಆದ ಮಾತ್ರಕ್ಕೆ ನೆರೆಯವರು ‘ಅಪರಾಧಿ’ಯೂ ಆಗುವುದಿಲ್ಲ. ತೀರ್ಪು ಬರುವ ತನಕ ಅವರು ಆರೋಪಿ. ಬೀದಿಯ ವಾಟ್ಸ್‌ಆಪ್ ಗುಂಪಿನಲ್ಲಿ ಅವರನ್ನು ‘ಅಪರಾಧಿ’, ‘ಕಳ್ಳ’ ಎಂದು ಬರೆದರೆ ಕಲಂ 356 ನಿಮ್ಮ ಕಡೆಗೇ ತಿರುಗೀತು.

ಕಾಲಮಿತಿಯನ್ನು ಜನ ಬಹಳ ಅಲಕ್ಷ್ಯ ಮಾಡುತ್ತಾರೆ. ಸುರಕ್ಷಾ ಸಂಹಿತೆಯ ಕಲಂ 514ರ ಪ್ರಕಾರ ಬರೀ ಜುಲ್ಮಾನೆಯ ಅಪರಾಧಕ್ಕೆ 6 ತಿಂಗಳು, 1 ವರ್ಷದವರೆಗಿನ ಕಾರಾವಾಸದ್ದಕ್ಕೆ 1 ವರ್ಷ, 1ರಿಂದ 3 ವರ್ಷದ್ದಕ್ಕೆ 3 ವರ್ಷ. ಅದು ದಾಟಿದ ಮೇಲೆ ನ್ಯಾಯಾಲಯ ಸಂಜ್ಞಾನ ತೆಗೆದುಕೊಳ್ಳುವಂತಿಲ್ಲ, ವಿಳಂಬಕ್ಕೆ ಒಪ್ಪುವಂಥ ಕಾರಣವಿದ್ದರೆ ಮಾತ್ರ ಮನ್ನಾ. ಅತಿಕ್ರಮ ಪ್ರವೇಶಕ್ಕೆ ಹೀಗೆ ಒಂದೇ ವರ್ಷ. ಹಲವು ಅಪರಾಧಗಳನ್ನು ಒಟ್ಟಿಗೆ ವಿಚಾರಣೆ ಮಾಡಬಹುದಾದರೆ ಹೆಚ್ಚಿನ ಶಿಕ್ಷೆಯದರ ಅವಧಿ ಎಲ್ಲಕ್ಕೂ ಅನ್ವಯಿಸುತ್ತದೆ, ಆದರೆ ಆ ದೊಡ್ಡ ಆರೋಪ ಆಮೇಲೆ ಬಿದ್ದುಹೋದರೆ ತೊಂದರೆ. ಎಣಿಕೆಗೆ ಹಿಡಿಯುವುದು ಕಲಂ 223ರಡಿ ದೂರು ಕೊಟ್ಟ ದಿನ ಅಥವಾ ಕಲಂ 173ರಡಿ ಮಾಹಿತಿ ದಾಖಲಾದ ದಿನ. ಎನ್‌ಸಿಆರ್ ಕಲಂ 174ರಡಿ ಆದದ್ದು, ಅದರ ಹೆಸರು ಅಲ್ಲಿಲ್ಲ. ಆದ್ದರಿಂದ ಹಿಂಬರಹ ಕೈಯಲ್ಲಿದೆ, ಪ್ರಕರಣ ಜೀವಂತವಾಗಿದೆ ಎಂದು ನೆಮ್ಮದಿಯಾಗಿ ಕೂರಬೇಡಿ. ಗೋಡೆ ಒಡೆದ ದಿನದಿಂದ ಒಂದು ವರ್ಷದೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಕಾಗದ ಹೋಗಿರಲಿ.

ಕ್ರಿಮಿನಲ್ ಕೇಸು ನಿಮ್ಮ ಒಂದೂವರೆ ಅಡಿಯನ್ನು ಬೇಗ ಹಿಂದಿರುಗಿಸುವ ಸಾಧನವಲ್ಲ. ಅದಕ್ಕೆ ಸಿವಿಲ್ ನ್ಯಾಯಾಲಯವೇ ಬೇಕು, ಮತ್ತು ಅಲ್ಲಿ ಇನ್ನೂ ಹೆಚ್ಚಿನ ಅವಸರವಿದೆ. ಪಾಯದ ಮೇಲೆ ಗೋಡೆ ಏಳುವ ಮುನ್ನ ಶಾಶ್ವತ ತಡೆಯಾಜ್ಞೆಯ ದಾವೆ ಹೂಡಿ ಮಧ್ಯಂತರ ಆದೇಶ ಕೇಳಿ. ಕಟ್ಟಿದ್ದನ್ನು ಕೆಡವಿಸಲು ನಿರ್ದಿಷ್ಟ ಪರಿಹಾರ ಅಧಿನಿಯಮ, 1963ರ ಕಲಂ 39ರಡಿ ಮ್ಯಾಂಡೇಟರಿ ಇಂಜಂಕ್ಷನ್ ಕೋರಿ. ಆ ಜಾಗದಿಂದ ನಿಮ್ಮನ್ನು ಪೂರ್ತಿ ಹೊರಹಾಕಿದ್ದರೆ ಅದೇ ಅಧಿನಿಯಮದ ಕಲಂ 6 ಬಹಳ ಉಪಯುಕ್ತ. ಅಲ್ಲಿ ಮಾಲೀಕತ್ವದ ಚರ್ಚೆಯೇ ಬರುವುದಿಲ್ಲ, ಸ್ವಾಧೀನ ಕಸಿದುಕೊಂಡರು ಎಂದು ತೋರಿಸಿದರೆ ಸಾಕು. ಆದರೆ 6 ತಿಂಗಳೊಳಗೆ ದಾವೆ ಹೂಡಬೇಕು. ತಪ್ಪಿದರೆ ಹಕ್ಕನ್ನೇ ಸ್ಥಾಪಿಸುವ ಉದ್ದನೆಯ ದಾವೆ. ಗೋಡೆ ಕಟ್ಟಿಸುವ ಖರ್ಚನ್ನೂ ಇದೇ ದಾವೆಯಲ್ಲಿ ಕೇಳಿಕೊಳ್ಳಿ.

ಕೊನೆಗೆ ರಾಜಿ. ಖಾಸಗಿಯವರಿಗಾದ ಸಣ್ಣ ಕೇಡು, ಅತಿಕ್ರಮ ಪ್ರವೇಶ, ಅವಮಾನ, ಬೆದರಿಕೆ ಇವು ಸುರಕ್ಷಾ ಸಂಹಿತೆಯ ಕಲಂ 359ರಡಿ ನೊಂದವರೇ ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳು. ಇಂಥ ಹೆಚ್ಚಿನ ಕೇಸುಗಳು ಮುಗಿಯುವುದೂ ಹಾಗೆಯೇ. ರಾಜಿಯ ಪರಿಣಾಮ ಆರೋಪಿಯ ಖುಲಾಸೆ, ಅದೇ ಸಂಗತಿಗೆ ಮತ್ತೆ ಕೇಸು ಹಾಕಲಾಗದು. ಗೋಡೆ ಎದ್ದು, ಪಾಯ ಮುಚ್ಚಿ, ಗಡಿಕಲ್ಲು ನೆಟ್ಟ ಮೇಲೆ ರಾಜಿ ಅರ್ಜಿಗೆ ಸಹಿ ಹಾಕಿ. ಕ್ರಿಮಿನಲ್ ರಾಜಿಯಿಂದ ಸಿವಿಲ್ ದಾವೆ ಮುಗಿಯುವುದಿಲ್ಲ. ಅಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 23, ನಿಯಮ 3ರಡಿ ಪ್ರತ್ಯೇಕ ರಾಜಿ ಅರ್ಜಿ ಕೊಟ್ಟು, ಅಳತೆಯ ನಕ್ಷೆಯನ್ನು ಅದಕ್ಕೆ ಲಗತ್ತಿಸಿ, ಡಿಕ್ರಿ ಮಾಡಿಸಿಕೊಳ್ಳಿ. ಮುಂದೆ ಸೈಟು ಕೈಬದಲಾದರೂ ಆ ಡಿಕ್ರಿ ಹೊಸ ಮಾಲೀಕರ ಮೇಲೂ ನಡೆಯುತ್ತದೆ.